ಸಿಸ್ಟರ್‌ಗಳ ಹಾಸ್ಟೆಲ್‌ನಲ್ಲಿ ಎರಡು ವರ್ಷ: ಬಿಸಿನೀರು ಆರೂವರೆವರೆಗೆ, ಗೇಟು ಏಳೂವರೆವರೆಗೆ

ಮೊದಲೇ ಹೇಳಿಬಿಡುತ್ತೇನೆ, ಹಾಸ್ಟೆಲ್ ಹೆಸರು ಹಾಕುತ್ತಿಲ್ಲ. ಅಲ್ಲಿರುವುದು ಐದೇ ಜನ ಸಿಸ್ಟರ್‌ಗಳು, ಕೆಳಗೆ ದೂರುಗಳೂ ಇವೆ, ಯಾರ ಬಗ್ಗೆ ಬರೆದೆ ಅಂತ ಓದಿದ ಕೂಡಲೇ ಗೊತ್ತಾಗಿಬಿಡುತ್ತದೆ. ಶಿವಮೊಗ್ಗ ಪೇಟೆಯೊಳಗೇ ಇದೆ. ಕೆಲಸಕ್ಕೆ ಹೋಗುವ ಮತ್ತು ಓದುವ ಹೆಣ್ಣುಮಕ್ಕಳಿಗೆ. ನಡೆಸುವವರು ಕ್ಯಾಥೋಲಿಕ್ ಸಿಸ್ಟರ್‌ಗಳು. 2023ರ ಜೂನ್‌ನಿಂದ 2025ರ ಜೂನ್‌ವರೆಗೆ ಅಲ್ಲಿದ್ದೆ. ಐದರಲ್ಲಿ ನಾಲ್ಕು ಸ್ಟಾರ್. ಹೋದ ಒಂದು ಸ್ಟಾರ್ ಎಲ್ಲಿ ಹೋಯಿತು ಅಂತ ಮುಂದೆ ಗೊತ್ತಾಗುತ್ತದೆ.

ನಾನು ಹೊಸನಗರದ ಕಡೆಯವಳು. ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಹತ್ತು ದಿನ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ಪಿ.ಜಿ. ಹುಡುಕಿದೆ. ಒಂದಕ್ಕೆ ಕಿಟಕಿ ಇರಲಿಲ್ಲ. ಇನ್ನೊಂದಕ್ಕೆ ಕಿಟಕಿ ಇತ್ತು, ಕಿಟಕಿ ಎದುರಿಗೆ ಬಾರ್ ಇತ್ತು. ಮೂರನೆಯ ಕಡೆ ಓನರ್ ಅಡ್ವಾನ್ಸ್ ಕೇಳುವ ಮೊದಲು ಜಾತಿ ಕೇಳಿದ. ಕೊನೆಗೆ ಮಂಡಿಯಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು “ಸಿಸ್ಟರ್‌ಗಳ ಹತ್ರ ಹೋಗಿ ಕೇಳು ಮಾರಾಯ್ತಿ” ಅಂದರು. ಅಪ್ಪಯ್ಯನಿಗೆ ಕೇಳಿ ಸಮಾಧಾನ, ಅಮ್ಮನಿಗೆ ಅನುಮಾನ. “ಅಲ್ಲಿ ಹೋದ್ರೆ ಮತ ಬದಲಿಸ್ತಾರಂತೆ, ಹೌದನಾ?” ಅಂತ ಫೋನಿನಲ್ಲಿ ಮೂರು ಸಲ ಕೇಳಿದರು.

ಅದನ್ನು ಇಲ್ಲೇ ಮುಗಿಸಿಬಿಡೋಣ, ಯಾಕೆಂದರೆ ಎಲ್ಲರೂ ಕೇಳುವುದು ಇದನ್ನೇ. ಎರಡು ವರ್ಷದಲ್ಲಿ ಒಬ್ಬರೂ ನನ್ನನ್ನು ಚಾಪೆಲ್‌ಗೆ ಬಾ ಅನ್ನಲಿಲ್ಲ. ರಾತ್ರಿ ಊಟಕ್ಕೆ ಮೊದಲು ಒಂದು ನಿಮಿಷ ಎದ್ದು ನಿಲ್ಲಬೇಕು, ಅಷ್ಟೇ. ನನ್ನ ಕಪಾಟಿನಲ್ಲಿ ಸಿಗಂದೂರು ಚೌಡಮ್ಮನ ಫೋಟೋ ಇತ್ತು. ಅದನ್ನು ನೋಡಿದ ಸಿಸ್ಟರ್ ಹೇಳಿದ್ದು ಒಂದೇ ಮಾತು, “ದೀಪ ಹಚ್ಚಬೇಡ, ಮೇಲೆ ಸೀರೆ ನೇತುಹಾಕಿದೀಯ.”

ರೂಮಿಗೆ ಮೂರು ಮಂಚ, ಮೂರು ಕಪಾಟು, ಒಂದು ಫ್ಯಾನು. ಊಟ ಸೇರಿ ತಿಂಗಳಿಗೆ 5,500 ರೂಪಾಯಿ ಕೊಡುತ್ತಿದ್ದೆ. ನೆಲ ದಿನಾ ಒರೆಸಿರುತ್ತದೆ. ಬಾತ್‌ರೂಮು ನಮ್ಮ ಮನೆಯದಕ್ಕಿಂತ ಸ್ವಚ್ಛ, ಅಮ್ಮ ಓದಿದರೆ ಬೈಯುತ್ತಾರೆ, ಆದರೂ ನಿಜ. ಬಿಸಿನೀರು ಮಾತ್ರ ಬೆಳಿಗ್ಗೆ ಐದರಿಂದ ಆರೂವರೆವರೆಗೆ. ಹಿಂದುಗಡೆ ಹಂಡೆ ಒಲೆ ಇದೆ, ಅಡಿಕೆ ಸಿಪ್ಪೆ ಹಾಕಿ ಕಾಯಿಸುತ್ತಾರೆ. ಆರು ಮುಕ್ಕಾಲಿಗೆ ಬಕೆಟ್ ಹಿಡಿದು ಹೋದರೆ ಉಗುರು ಬೆಚ್ಚಗಿನ ನೀರು, ಏಳಕ್ಕೆ ಹೋದರೆ ತುಂಗಾ ಸ್ನಾನ. ಜುಲೈ ತಿಂಗಳಲ್ಲಿ ಬಟ್ಟೆ ಒಣಗುವುದೇ ಇಲ್ಲ, ಅದು ಹಾಸ್ಟೆಲ್ ತಪ್ಪಲ್ಲ ಬಿಡಿ, ನಮ್ಮ ಮಲೆನಾಡಿನ ತಪ್ಪು. ಆದರೆ ಆ ಹಂಡೆ ಒಲೆಯ ಮೇಲೆ ಸಿಸ್ಟರ್‌ಗಳು ಒಂದು ತಂತಿ ಕಟ್ಟಿದ್ದಾರೆ. ಯಾರಿಗೆ ಬೇಕಾದರೂ ಹಾಕಬಹುದು. ನನ್ನ ಚೂಡಿದಾರ್‌ಗಳೆಲ್ಲ ಎರಡು ಮಳೆಗಾಲ ಹೊಗೆ ವಾಸನೆ ಹೊಡೆದವು, ಮಂಡಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಅಲ್ಲಿ ಎಲ್ಲರದ್ದೂ ಅದೇ ವಾಸನೆ.

ಊಟ. ಮಧ್ಯಾಹ್ನಕ್ಕೆ ಡಬ್ಬಿ ಕಟ್ಟಿಕೊಡುತ್ತಾರೆ, ಇದು ದೊಡ್ಡ ಉಪಕಾರ. ಕುಚ್ಚಲಕ್ಕಿ ಅನ್ನ, ಬಿಳಿ ಅನ್ನ ಎರಡೂ ಇರುತ್ತದೆ. ಭಾನುವಾರ ಕೋಳಿ, ತಿನ್ನದವರಿಗೆ ಬೇರೆ ಪಾತ್ರೆಯಲ್ಲಿ ಬೇರೆ ಪಲ್ಯ, ಸೌಟು ಕೂಡ ಬೇರೆ. ಪತ್ರೊಡೆ ಮಾಡಿದ ದಿನ ನಾನು ಆರು ತಿಂದಿದ್ದೇನೆ. ಸಾರು ಮಾತ್ರ ಆಷಾಢದ ತುಂಗೆ, ಬಣ್ಣ ಇದೆ, ಮುಳುಗಿ ಹುಡುಕಿದರೂ ಬೇಳೆ ಸಿಗುವುದಿಲ್ಲ. ಮಂಗಳವಾರದ ಉಪ್ಪಿಟ್ಟಿನ ಬಗ್ಗೆ ಬರೆಯುವುದಿಲ್ಲ.

ಸೆಪ್ಟೆಂಬರ್ 8ಕ್ಕೆ ಮಾತ್ರ ಹೊರಗೆ ಎಲ್ಲೂ ಹೋಗಬೇಡಿ. ಅವತ್ತು ಮೋಂತಿ ಹಬ್ಬ, ಮರಿಯಮ್ಮನ ಹುಟ್ಟಿದ ದಿನ. ಮಂಗಳೂರು ಕಡೆಯ ಕ್ರಿಶ್ಚಿಯನ್ನರಿಗೆ ಅದೇ ಹೊಸ ತೆನೆಯ ಹಬ್ಬ ಕೂಡ. ಚರ್ಚಿನಲ್ಲಿ ಆಶೀರ್ವಾದ ಮಾಡಿಸಿ ತಂದ ಭತ್ತದ ತೆನೆಯ ಕಾಳು ಸುಲಿದು, ಪುಡಿ ಮಾಡಿ ಹಾಲಿಗೆ ಹಾಕಿ ಎಲ್ಲರಿಗೂ ಒಂದೊಂದು ಗುಟುಕು ಕೊಟ್ಟರು. ಆಮೇಲೆ ಬಾಳೆಲೆ ಊಟ, ಪೂರ್ತಿ ಸಸ್ಯಾಹಾರ. ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ನಮ್ಮ ಮನೆಯಲ್ಲೂ ಕದಿರು ತಂದು, ಹೊಸ್ತಿಲಿಗೆ ಕಟ್ಟಿ, ಹೊಸಕ್ಕಿ ಊಟ ಮಾಡುತ್ತೇವಲ್ಲ, ಅದೇ ತರ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. “ಹಂಗಾದ್ರೆ ಅವರೂ ಗದ್ದೆಯವರೇ” ಅಂದರು. ಅವತ್ತಿಂದ ಮತದ ಮಾತು ನಿಂತಿತು.

ಈಗ ಮುಖ್ಯ ವಿಷಯ. ಇದು ಹಾಸ್ಟೆಲ್ ಅಂತ ಬೋರ್ಡ್ ಇದೆ, ಆದರೆ ನಿಜವಾಗಿ ಇದು ಐದು ಜನರ ಮನೆ. ಆ ಮನೆಯ ಮೇಲ್ಮಹಡಿಯಲ್ಲಿ ನಿಮಗೆ ಜಾಗ ಕೊಟ್ಟಿದ್ದಾರೆ. ಮನೆಯ ಗಡಿಯಾರ ಅವರದು. ನಮಗೆ ಕಟ್ಟುನಿಟ್ಟು ಅನ್ನಿಸುವ ಪ್ರತಿಯೊಂದು ರೂಲ್ಸಿಗೂ ಅವರ ಕಡೆ ಅದರ ಎರಡರಷ್ಟಿದೆ. ಇದು ಅರ್ಥವಾಗಲು ನನಗೆ ಆರು ತಿಂಗಳು ಬೇಕಾಯಿತು, ಅಲ್ಲಿವರೆಗೆ ಸುಮ್ನೆ ಬೈಯುತ್ತಲೇ ಇದ್ದೆ.

ಐದಕ್ಕೆ ಗಂಟೆ. ಐದೂವರೆಗೆ ಅವರೆಲ್ಲ ಚಾಪೆಲ್‌ನಲ್ಲಿ. ಪೂಜೆಗೆ, ಅಂದರೆ ಮಾಸ್‌ಗೆ, ಫಾದರ್ ಬರಬೇಕು, ಸಿಸ್ಟರ್‌ಗಳು ಪೂಜೆ ಅರ್ಪಿಸುವ ಹಾಗಿಲ್ಲ. ಇದು ನನಗೆ ಮೊದಲು ಗೊತ್ತೇ ಇರಲಿಲ್ಲ. ಇಡೀ ಸಂಸಾರ ನಡೆಸುವವರು ಇವರು, ಪೂಜೆಗೆ ಮಾತ್ರ ಗಂಡಸು ಬರಬೇಕು, ನಮ್ಮ ಮನೆಗಳ ಕಥೆಯೇ ಅಲ್ವಾ. ಆಮೇಲೆ ಒಬ್ಬರು ಶಾಲೆಗೆ, ಒಬ್ಬರು ಡಿಸ್ಪೆನ್ಸರಿಗೆ, ಒಬ್ಬರು ಅಡಿಗೆಮನೆಗೆ, ಒಬ್ಬರು ಹಾಸ್ಟೆಲ್ ಆಫೀಸಿಗೆ. ಐದನೆಯವರ ಬಗ್ಗೆ ಆಮೇಲೆ. ಸಂಜೆ ಆರಕ್ಕೆ ಮತ್ತೆ ಗಂಟೆ, ದೇವದೂತ ಮರಿಯಮ್ಮನಿಗೆ ಸುದ್ದಿ ತಂದದ್ದನ್ನು ನೆನೆಯುವ ಪ್ರಾರ್ಥನೆ. ಆ ಗಂಟೆ ಹೊಡೆದಾಗ ಎಲ್ಲಿದ್ದಾರೋ ಅಲ್ಲೇ ನಿಲ್ಲುತ್ತಾರೆ. ಒಂದು ದಿನ ಅಡಿಗೆ ಸಿಸ್ಟರ್ ಕಾವಲಿ ಮುಂದೆ ಸಟ್ಟುಗ ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು, ದೋಸೆ ಅಂಚಿನಿಂದ ಕಪ್ಪಾಗುತ್ತಿತ್ತು. ಪ್ರಾರ್ಥನೆ ಮುಗಿಸಿ, ಶಿಲುಬೆ ಗುರುತು ಹಾಕಿ, ದೋಸೆ ಮಗುಚಿ, “ಇದು ನನಗೇ” ಅಂತ ಪಕ್ಕಕ್ಕೆ ಇಟ್ಟರು.

ಅವರಿಗೆ ಮೂರು ವ್ರತ. ಬಡತನ, ಬ್ರಹ್ಮಚರ್ಯ, ವಿಧೇಯತೆ. ನಾವು ಹೊರಗಿನವರು ಎರಡನೆಯದರ ಬಗ್ಗೆಯೇ ಜಾಸ್ತಿ ಯೋಚಿಸುತ್ತೇವೆ, ನನ್ನ ರೂಮ್‌ಮೇಟ್ ಅಂತೂ ವಾರಕ್ಕೊಂದು ಪ್ರಶ್ನೆ ಹುಟ್ಟಿಸುತ್ತಿದ್ದಳು. ಆದರೆ ಒಟ್ಟಿಗೆ ಇದ್ದು ನೋಡಿದರೆ ದಿನಾ ಕಾಣುವುದು ಒಂದನೆಯದು, ಮತ್ತು ಕಷ್ಟ ಅನ್ನಿಸುವುದು ಮೂರನೆಯದು.

ಬಡತನಕ್ಕೆ ಉದಾಹರಣೆ ಕೊಡುತ್ತೇನೆ. ಶಾಲೆಗೆ ಹೋಗುವ ಸಿಸ್ಟರ್ ಅನುದಾನಿತ ಶಾಲೆಯ ಟೀಚರ್, ಸರ್ಕಾರಿ ಸಂಬಳ. ನನ್ನ ಸಂಬಳದ ಮೂರರಷ್ಟಾದರೂ ಇರಬೇಕು. ಅವರ ಚಪ್ಪಲಿ ಉಂಗುಷ್ಠ ಕಿತ್ತುಹೋಗಿ ಎರಡು ಸಲ ಹೊಲಿಸಿದ್ದರು. ಮೂರನೇ ಸಲ ಕಿತ್ತಾಗ ಸುಪೀರಿಯರ್, ಅಂದರೆ ಆ ಮನೆಯ ಮುಖ್ಯಸ್ಥೆ ಸಿಸ್ಟರ್, ಹತ್ತಿರ ಹೋಗಿ ಹೊಸ ಚಪ್ಪಲಿಗೆ ದುಡ್ಡು ಕೇಳಿದರು, ನಾನು ಆಫೀಸಿನಲ್ಲಿ ಫೀಸು ಕಟ್ಟುತ್ತಾ ನಿಂತಿದ್ದೆ. ಚೀಟಿಯಲ್ಲಿ ಬರೆದುಕೊಂಡು ದುಡ್ಡು ಕೊಟ್ಟರು. ಐವತ್ತು ದಾಟಿದ ಹೆಂಗಸು, ತಾನೇ ದುಡಿಯುವ ಹೆಂಗಸು, ಚಪ್ಪಲಿಗೆ ಕೈ ಒಡ್ಡಿದ್ದು ನೋಡಿ ನನಗೆ ಒಂಥರಾ ಆಯಿತು. ಸಿಸ್ಟರ್‌ಗೆ ಏನೂ ಆಗಲಿಲ್ಲ. ಉಳಿದ ಚಿಲ್ಲರೆ ಸಂಜೆ ವಾಪಸ್ ತಂದು ಮೇಜಿನ ಮೇಲಿಟ್ಟರು, ಬಿಲ್ ಸಮೇತ.

ವ್ರತ ತಗೊಂಡ ಮೇಲೆ ದುಡಿದದ್ದೆಲ್ಲ ಸಂಸ್ಥೆಗೆ ಸೇರಬೇಕು ಅಂತ ಚರ್ಚಿನ ಕಾನೂನೇ ಇದೆ. ಹಾಗಾಗಿ ನಮ್ಮದು ಅಲ್ಲದ ದುಡ್ಡಿಗೆ ನಮ್ಮ ಹೆಸರಲ್ಲಿ ಯಾಕೆ ಇನ್‌ಕಮ್ ಟ್ಯಾಕ್ಸ್ ಹಿಡಿಯುತ್ತೀರಿ ಅಂತ ಇವರ ಕಡೆಯವರು ಕೋರ್ಟಿಗೆ ಹೋಗಿದ್ದರು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆಗಲ್ಲ ಅಂತು. ಸಂಬಳ ಬರುವುದು ಆ ವ್ಯಕ್ತಿಗೆ, ಆಮೇಲೆ ಅದನ್ನು ಯಾರಿಗೆ ಕೊಡುತ್ತಾರೆ ಅನ್ನುವುದು ಬೇರೆ ಮಾತು, ಸಂಬಳ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಅಂದರೆ ಟಿ.ಡಿ.ಎಸ್., ಹಿಡಿಯಲೇಬೇಕು ಅಂತ. ನಾನು ಲೆಕ್ಕದವಳು, ಪೇಪರ್ ಹಿಡಿದುಕೊಂಡು ಟೀಚರ್ ಸಿಸ್ಟರ್ ಹತ್ತಿರ ಓಡಿದೆ. “ನಿಮ್ಮದೂ ಕಟ್ ಆಗುತ್ತಲ್ಲಾ ಸಿಸ್ಟರ್?” ಅವರು ಉತ್ತರಪತ್ರಿಕೆ ತಿದ್ದುತ್ತಿದ್ದರು, ತಲೆ ಎತ್ತಲಿಲ್ಲ. “ಕೈಗೆ ಬಂದಿದ್ರೆ ತಾನೇ ಬಾಯೆ, ಕಟ್ ಆಗಿದ್ದು ಗೊತ್ತಾಗೋದು.”

ಕೊಂಕಣಿಯಲ್ಲಿ ಹುಡುಗಿಯರನ್ನು ಬಾಯೆ ಅನ್ನುತ್ತಾರೆ. ಎರಡು ತಿಂಗಳಾದ ಮೇಲೆ ನೀವೂ ಬಾಯೆ ಆಗುತ್ತೀರಿ.

ಮೂರನೆಯ ವ್ರತ ವಿಧೇಯತೆ, ನನ್ನ ಒಂದು ಸ್ಟಾರ್ ಹೋದದ್ದು ಇಲ್ಲೇ. ನಾನು ಸೇರಿದಾಗ ಇದ್ದ ಸುಪೀರಿಯರ್ ಬಹಳ ಲೋಕ ಕಂಡವರು. ಗೇಟು ಏಳೂವರೆಗೆ ಹಾಕುವುದು ರೂಲ್ಸ್. ಆದರೆ ಜನವರಿಯಿಂದ ಮಾರ್ಚ್‌ವರೆಗೆ ಮಂಡಿಗೆ ಅಡಿಕೆ ಬರುವ ಭರಾಟೆ, ಏಳಕ್ಕೆ ಏಳುವುದು ಆಗದ ಮಾತು. ಮಂಡಿಯಿಂದ ಒಂದು ಪತ್ರ ತರಿಸಿಕೊಂಡು, “ಸೀಸನ್ ಮುಗಿಯೋವರೆಗೆ ಎಂಟೂವರೆ” ಅಂದುಬಿಟ್ಟರು. ನನ್ನ ತಟ್ಟೆ ಮುಚ್ಚಿಟ್ಟಿರುತ್ತಿತ್ತು, ಮೇಲೆ ಇನ್ನೊಂದು ತಟ್ಟೆ, ಅದರ ಮೇಲೆ ಬೆಕ್ಕು ಬೀಳಿಸದ ಹಾಗೆ ಗುಂಡುಕಲ್ಲು.

2024ರ ಮೇ ತಿಂಗಳಲ್ಲಿ ಅವರಿಗೆ ಮೇಲಿನಿಂದ ಪತ್ರ ಬಂತು. ಟ್ರಾನ್ಸ್‌ಫರ್. ಐದು ವರ್ಷ ನಡೆಸಿದ ಮನೆ. ನಮ್ಮ ಕಡೆ ಮೇಷ್ಟ್ರಿಗೆ ಟ್ರಾನ್ಸ್‌ಫರ್ ಆದರೆ ಎಂ.ಎಲ್.ಎ. ಮನೆ ಬಾಗಿಲಿಗೆ ಎಷ್ಟು ಸಲ ಹೋಗುತ್ತಾರೆ ನಿಮಗೆ ಗೊತ್ತು. ಇವರು ವಾರದಲ್ಲಿ ಎರಡು ಬ್ಯಾಗು ಕಟ್ಟಿದರು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಪುಸ್ತಕ, ಒಂದು ಸಣ್ಣ ಶಿಲುಬೆ, ಬಿ.ಪಿ. ಮಾತ್ರೆ. ಅವರೇ ನೆಟ್ಟ ಕರಿಬೇವಿನ ಗಿಡಕ್ಕೆ ಎಷ್ಟು ದಿನಕ್ಕೊಮ್ಮೆ ಮಜ್ಜಿಗೆ ನೀರು ಹಾಕಬೇಕು ಅಂತ ನನಗೆ ಹೇಳಿಕೊಟ್ಟರು. ನಾನು ಕೇಳಿದೆ, “ಬೇಜಾರಿಲ್ವಾ ಸಿಸ್ಟರ್?” “ಇದೆ. ಬೇಜಾರಿಲ್ಲ ಅಂತ ವ್ರತ ತಗೊಂಡಿಲ್ಲ. ಹೋಗ್ತೀನಿ ಅಂತ ತಗೊಂಡಿದ್ದು.” ಬೆಳಿಗ್ಗೆ ಆರರ ಬಸ್ಸಿಗೆ ಹೋದರು. ನಮಗೆಲ್ಲ ಅಳು, ಅವರಿಗೆ ಸೀಟು ಸಿಕ್ಕಿತಾ ಅನ್ನುವ ಚಿಂತೆ.

ಹೊಸ ಸುಪೀರಿಯರ್ ಬಂದರು. ಒಳ್ಳೆಯವರೇ, ಆದರೆ ಗಡಿಯಾರ ನೋಡಿ ನಡೆಯುವವರು. ಸೀಸನ್ ರಿಯಾಯಿತಿ ರದ್ದು. “ಒಬ್ಬಳಿಗೆ ಬಿಟ್ಟರೆ ಮೂವತ್ತು ಜನಕ್ಕೆ ಬಿಡಬೇಕು.” ಮಂಡಿಯಲ್ಲಿ ನಾನು ಹೇಗೆ ಸಂಭಾಳಿಸಿದೆ ಅನ್ನುವುದು ಬೇರೆ ಕಥೆ. ಅದೇ ಜುಲೈನಲ್ಲಿ ಒಂದು ಭಾನುವಾರ ಊರಿನಿಂದ ಬರುವಾಗ ಆಯನೂರು ಹತ್ತಿರ ಮರ ಬಿದ್ದು ಬಸ್ಸು ನಿಂತಿತು. ನೆಟ್‌ವರ್ಕ್ ಇಲ್ಲ. ಹಾಸ್ಟೆಲ್ ಮುಟ್ಟುವಾಗ ರಾತ್ರಿ ಎಂಟು ಐವತ್ತು. ಗೇಟಿಗೆ ಬೀಗ. ಬೆಲ್ ಒತ್ತಿದೆ. ಕರೆಂಟಿಲ್ಲ, ಬೆಲ್ ಸತ್ತಿದೆ. ಹತ್ತು ನಿಮಿಷ ಆ ಮಳೆಯಲ್ಲಿ ಕೂಗಿದ ಮೇಲೆ ಸುಪೀರಿಯರ್ ಕೊಡೆ ಹಿಡಿದು ಬಂದರು. ಬೈಯಲಿಲ್ಲ. ಟವೆಲ್ ಕೊಟ್ಟರು, ಕಷಾಯ ಕೊಟ್ಟರು. ಆಮೇಲೆ ಗೊತ್ತಾಯಿತು, ಎಂಟಕ್ಕೇ ಅಪ್ಪಯ್ಯನಿಗೆ ಫೋನ್ ಮಾಡಿ “ನಿಮ್ಮ ಮಗಳು ಬಂದಿಲ್ಲ” ಅಂತ ಹೇಳಿಬಿಟ್ಟಿದ್ದರು. ನನಗೆ ಇಪ್ಪತ್ತನಾಲ್ಕು ವರ್ಷ. ಅಪ್ಪಯ್ಯ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ನನ್ನನ್ನು ಕೇಳದೆ ಮನೆಗೆ ಫೋನ್ ಮಾಡಬೇಡಿ ಅಂತ ಮಾರನೇ ದಿನ ಹೇಳಿದೆ. “ನೀನು ಎಲ್ಲಿದ್ದೀಯ ಅಂತ ಗೊತ್ತಿಲ್ಲದೆ ಯಾರನ್ನ ಕೇಳಲಿ?” ಅಂದರು. ಇಬ್ಬರದ್ದೂ ಸರಿ ಇತ್ತು ಅಂತ ಈಗ ಅನ್ನಿಸುತ್ತದೆ, ಸ್ಟಾರ್ ಮಾತ್ರ ವಾಪಸ್ ಕೊಡುವುದಿಲ್ಲ.

ಅಂದರೆ ಸೇರುವ ಮುಂಚೆ ಕಟ್ಟಡ ನೋಡಬೇಡಿ, ಈಗಿನ ಸುಪೀರಿಯರ್ ಯಾರು, ಬಂದು ಎಷ್ಟು ವರ್ಷವಾಯಿತು ಅಂತ ಕೇಳಿ. ನಾಲ್ಕೈದು ವರ್ಷ ಆಗಿದ್ದರೆ ಬರುವ ಮೇ ತಿಂಗಳಲ್ಲಿ ಎಲ್ಲ ಬದಲಾಗಬಹುದು.

ಇನ್ನು ಐದನೆಯ ಸಿಸ್ಟರ್. ನಾವು ಅಜ್ಜಿ ಸಿಸ್ಟರ್ ಅನ್ನುತ್ತಿದ್ದೆವು. ಎಂಬತ್ತು ದಾಟಿದೆ, ಮಂಡಿ ನೋವು, ಕೆಳಗಿನ ವರಾಂಡದಲ್ಲಿ ಜಪಸರ ಹಿಡಿದು ಕೂತಿರುತ್ತಾರೆ. ಸಂಜೆ ಕರೆಂಟ್ ಹೋದರೆ ನಾವೆಲ್ಲ ಅವರ ಸುತ್ತ. ಹಾಸ್ಟೆಲ್‌ನ ಅತಿ ಒಳ್ಳೆಯ ಸೌಲಭ್ಯ ಇದು, ಫೀಸಿನಲ್ಲಿ ಸೇರಿದೆ.

ಎಲ್ಲ ಸಿಸ್ಟರ್‌ಗಳೂ ಒಂದೇ ಕಂಪನಿ ಅಂತ ನಾನು ತಿಳಿದಿದ್ದೆ. ಹಾಗಂದಾಗ ಅಜ್ಜಿ ಸಿಸ್ಟರ್‌ಗೆ ಸಿಟ್ಟೇ ಬಂತು. ಮಂಗಳೂರು ಒಂದರಲ್ಲೇ ಲೆಕ್ಕ ಹಾಕು ಅಂದರು. ಅಪೋಸ್ತಲಿಕ್ ಕಾರ್ಮೆಲ್‌ನವರು 1870ರಲ್ಲಿ ಫ್ರಾನ್ಸಿನಿಂದ ಹಡಗಿನಲ್ಲಿ ಬಂದವರು, ಹೆಣ್ಣುಮಕ್ಕಳ ಶಾಲೆ ಅವರ ಕಸುಬು, ಸೇಂಟ್ ಆಗ್ನೆಸ್ ಕಾಲೇಜು 1921ರಲ್ಲಿ ಅವರೇ ತೆರೆದದ್ದು. ಉರ್ಸುಲೈನ್ ಫ್ರಾನ್ಸಿಸ್ಕನ್‌ನವರು 1887ರಲ್ಲಿ ಮಂಗಳೂರಲ್ಲೇ ಹುಟ್ಟಿದವರು. ಬೆಥನಿಯವರನ್ನು 1921ರಲ್ಲಿ ಅಲ್ಲಿಯದೇ ಪಾದ್ರಿ ರೇಮಂಡ್ ಮಸ್ಕರೇನಸ್ ಶುರು ಮಾಡಿದ್ದು. ಮದರ್ ತೆರೇಸಾ ಅವರದು ಇನ್ನೂ ಬೇರೆ, 1950ರದ್ದು, ನೀಲಿ ಅಂಚಿನ ಸೀರೆ. “ನಿಮ್ಮಲ್ಲಿ ಮಠಗಳು ಒಂದೇನಾ?” ಅಂತ ಕೇಳಿದರು. ಬಾಯಿ ಮುಚ್ಚಿಕೊಂಡೆ. ಅವರು ಯಾವ ಸಂಸ್ಥೆಯವರು ಅಂತ ಇಲ್ಲಿ ಹೇಳಿದರೆ ಹಾಸ್ಟೆಲ್ ಹೆಸರು ಹೇಳಿದ ಹಾಗೇ.

ಅಜ್ಜಿ ಸಿಸ್ಟರ್ ನರ್ಸ್. ವಯಸ್ಸಿನಲ್ಲಿ ಸಾಗರ, ಸೊರಬದ ಕಡೆ ಹಳ್ಳಿ ಡಿಸ್ಪೆನ್ಸರಿಗಳಲ್ಲಿ ಇದ್ದವರು. ಹೆರಿಗೆ ಅಂದರೆ ರಾತ್ರಿ ಲಾಂದ್ರ ಹಿಡಿದು ಗದ್ದೆ ಅಂಚಿನ ಮೇಲೆ ನಡೆಯುವುದು, ಬಿಳಿ ಉಡುಪು ಮೊಣಕಾಲಿನವರೆಗೆ ಕೆಸರು. ಉಂಬಳ ಕಿತ್ತು ಕಿತ್ತು ಬಿಸಾಡಿ, ಕೈ ತೊಳೆದು ಹೆರಿಗೆ ಕೋಣೆಗೆ ಹೋಗಬೇಕಿತ್ತು. ಮಜಾ ಏನೆಂದರೆ, ಸಿಸ್ಟರ್‌ಗಳು ಹೆರಿಗೆ ಮಾಡಿಸುವುದಕ್ಕೆ ಒಂದು ಕಾಲದಲ್ಲಿ ಚರ್ಚೇ ಬಿಡುತ್ತಿರಲಿಲ್ಲ. ವ್ರತಕ್ಕೆ ಅಡ್ಡಿ ಅಂತ. 1936ರಲ್ಲಿ ರೋಮ್‌ನಿಂದ ಅನುಮತಿ ಬಂತು. ಅದಕ್ಕೂ ಮುಂಚೆ, 1920ರಲ್ಲೇ, ಆಸ್ಟ್ರೇಲಿಯಾದ ಡಾಕ್ಟರ್ ಮೇರಿ ಗ್ಲೌರಿ ಪೋಪರ ವಿಶೇಷ ಅನುಮತಿ ತಗೊಂಡು ಆಂಧ್ರದ ಗುಂಟೂರಿಗೆ ಬಂದು, ಸಿಸ್ಟರ್ ಆಗಿಯೇ ವೈದ್ಯ ಮಾಡಿದರು. ನಮ್ಮ ಬೆಂಗಳೂರಿನಲ್ಲೇ 1957ರಲ್ಲಿ ತೀರಿಕೊಂಡದ್ದು. ಅಜ್ಜಿ ಸಿಸ್ಟರ್ ಹಾಸಿಗೆ ಪಕ್ಕದ ಗೋಡೆಯಲ್ಲಿ ಯೇಸುವಿನ ಪಟದ ಕೆಳಗೆ ಆ ಡಾಕ್ಟರಮ್ಮನ ಸಣ್ಣ ಫೋಟೋ ಇದೆ.

1957 ಅಂದ ಕೂಡಲೇ ಅಜ್ಜಿ ಸಿಸ್ಟರ್ ಇನ್ನೊಂದು ನೆನಪಿಸುತ್ತಾರೆ. ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದ ವರ್ಷ ಅದು. ಆಮೇಲೆ ಅವರು ಆ ಕಡೆ ಇದ್ದಾಗ ಕಾಡಿಗೆ ಸೊಪ್ಪು ತರಲು ಹೋಗಿ ಬಂದವರಿಗೆ ಜ್ವರ ಅಂದರೆ ಮೊದಲು ಕೇಳುತ್ತಿದ್ದದ್ದು, “ಮಂಗ ಸತ್ತಿದ್ದು ನೋಡಿದಿಯಾ?” ಅಂತ. ನಾನು ಊರಿಗೆ ಹೊರಟರೂ ಅದೇ ಪ್ರಶ್ನೆ. ಆ ಕಾಯಿಲೆ ಹರಡುವ ಉಣುಗು ಕಚ್ಚಿದೆಯಾ ಅಂತ ನಾನು ವಾಪಸ್ ಬಂದಾಗ ಕಿವಿ ಹಿಂದೆ ನೋಡುತ್ತಿದ್ದರು, ಕನ್ನಡಕ ಹಣೆಗೇರಿಸಿ, ಎಮ್ಮೆ ಕರುವನ್ನು ನೋಡುವ ಹಾಗೆ.

ಸಿಸ್ಟರ್ ಆಗಲು ಬಂದ ಹುಡುಗಿಯೂ ಒಬ್ಬಳಿದ್ದಳು, ಒಡಿಶಾದವಳು, ಹತ್ತೊಂಬತ್ತು ವರ್ಷ. ಇನ್ನೂ ಕ್ಯಾಂಡಿಡೇಟ್. ಇದು ಒಂದೇ ದಿನದಲ್ಲಿ ಆಗುವ ಕೆಲಸ ಅಲ್ಲ. ಮೊದಲು ಹೀಗೆ ಜೊತೆಗಿದ್ದು ನೋಡಬೇಕು, ಆಮೇಲೆ ನೊವಿಶಿಯೇಟ್ ಅನ್ನುವ ತರಬೇತಿ, ಅದು ಕಡಿಮೆ ಅಂದರೂ ಒಂದು ವರ್ಷ, ಆಮೇಲೆ ಮೊದಲ ವ್ರತ, ಅದನ್ನು ಕೆಲವು ವರ್ಷ ಹೊಸದು ಮಾಡುತ್ತಾ ಹೋಗಿ ಕೊನೆಗೆ ಜೀವನಪೂರ್ತಿಯ ವ್ರತ. ನಡುವೆ ಬೇಡ ಅನ್ನಿಸಿದರೆ ಹೋಗಬಹುದು, ಅವರೂ ಕಳಿಸಬಹುದು. ಅವಳಿಗೆ ಕನ್ನಡ ಹೇಳಿಕೊಡುವ ಕೆಲಸ ನನಗೆ ಬಿತ್ತು. ಒತ್ತಕ್ಷರ ಅವಳ ಶತ್ರು. ಅಂಗಡಿಗೆ ಹೋಗಿ ಅರ್ಧ ಲೀಟರ್ ಹಲ್ಲು ಕೇಳಿ ಬಂದಳು. ಅಂಗಡಿಯವರು ಹಾಲೇ ಕೊಟ್ಟರಂತೆ. “ಕ್ರಿಸ್ಮಸ್‌ಗೆ ಮನೆಗೆ ಹೋಗಲ್ವಾ?” ಅಂದರೆ ಇಲ್ಲ ಅಂತ ತಲೆ ಆಡಿಸಿದಳು. ಆ ರಾತ್ರಿ ಎಲ್ಲರೂ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ, ಡಬ್ಬ ತುಂಬುತ್ತಿದ್ದಾಗ ಅವಳು ಬಟ್ಟೆ ಒಣಗಿಸುವ ತಂತಿ ಕೆಳಗೆ ಕೂತು ಅಳುತ್ತಿದ್ದಳು. ಅಡಿಗೆ ಸಿಸ್ಟರ್ ಬಂದು ಏನೂ ಕೇಳಲಿಲ್ಲ, ಪಕ್ಕದಲ್ಲಿ ಮಣೆ ಹಾಕಿ ಕೂತು ಕಿಡ್ಯೊ ಅನ್ನುವ ತಿಂಡಿಯ ಹಿಟ್ಟು ಮಡಿಲಿಗೆ ಕೊಟ್ಟು ಉರುಟುವುದು ತೋರಿಸಿದರು. ಅವಳು ಇನ್ನೂ ಅಲ್ಲೇ ಇದ್ದಾಳೆ, ಈಗ ಹಾಲು ಸರಿಯಾಗಿ ಕೇಳುತ್ತಾಳೆ.

ಉಳಿದ ದೂರು ಬೇಗ ಹೇಳುತ್ತೇನೆ. ಬಿಡುವಾಗ ಅಡ್ವಾನ್ಸ್ 5,000ದಲ್ಲಿ 1,500 ಸುಣ್ಣ ಬಣ್ಣಕ್ಕೆ ಅಂತ ಹಿಡಿದರು. ಸೇರುವಾಗ ಹೇಳಿರಲಿಲ್ಲ. ಕೇಳಿದ್ದಕ್ಕೆ ರಶೀದಿ ಕೊಟ್ಟರು, ದುಡ್ಡು ಕೊಡಲಿಲ್ಲ. ನೀವು ಸೇರುವಾಗಲೇ ಬರೆಸಿಕೊಳ್ಳಿ. ವೈ-ಫೈ ರಾತ್ರಿ ಹತ್ತಕ್ಕೆ ಆಫ್. ಗಂಡಸರು ಅಂದರೆ ಅಪ್ಪ, ಅಣ್ಣ ಯಾರೇ ಬರಲಿ ಗೇಟಿನ ಪಕ್ಕದ ಪಾರ್ಲರ್‌ನಲ್ಲಿ ಮಾತ್ರ. ಪಾರ್ಲರ್ ಅಂದರೆ ಬ್ಯೂಟಿ ಪಾರ್ಲರ್ ಅಲ್ಲ, ನಮ್ಮಪ್ಪಯ್ಯ ಬೋರ್ಡ್ ನೋಡಿ ಹೊರಗೇ ನಿಂತಿದ್ದರು.

ಯಾರಿಗೆ ಆಗುತ್ತದೆ? ಮೊದಲ ಸಲ ಊರು ಬಿಟ್ಟು ಬಂದವರಿಗೆ, ಬಿ.ಎಡ್., ನರ್ಸಿಂಗ್ ಓದುವವರಿಗೆ, ಮನೆಯವರನ್ನು ಒಪ್ಪಿಸಬೇಕಾದವರಿಗೆ. ನೈಟ್ ಶಿಫ್ಟ್‌ನವರಿಗೆ, ಬೆಳಿಗ್ಗೆ ಎಂಟಕ್ಕೆ ಏಳುವವರಿಗೆ ಆಗುವುದಿಲ್ಲ. ಸೀಟಿಗೆ ಮೇ ಕೊನೆಯ ವಾರ ಹೋಗಿ ಕೇಳಿ, ಫೋನಿನಲ್ಲಿ ಹೇಳುವುದಿಲ್ಲ, ಆಧಾರ್ ಮತ್ತು ಮನೆಯವರೊಬ್ಬರನ್ನು ಕರೆದುಕೊಂಡು ಹೋಗಬೇಕು. ಬಕೆಟ್ ಅವರು ಕೊಡುವುದಿಲ್ಲ. ನನ್ನದು ನೀಲಿ ಬಣ್ಣದ್ದು, ಹಂಡೆ ಒಲೆ ಹತ್ತಿರ ಬಿಟ್ಟು ಬಂದಿದ್ದೇನೆ. ಸಿಕ್ಕರೆ ಬಳಸಿಕೊಳ್ಳಿ, ಹಿಡಿ ಎಡಗಡೆ ಸಡಿಲ ಇದೆ, ಪೂರ್ತಿ ತುಂಬಬೇಡಿ.